ಕಾರ್ ಶೆಡ್ಡಿನ ಮೇಷ್ಟ್ರಿಗೆ ಬಣ್ಣ ಓದಿದವಳು

ಜಾಂಬ... ಜಾಂಬಾ... ಜಾಂಬೂ... ಕಣ್ಣಿನ ಪೊರೆ ತೆಗೆಸಿಕೊಂಡು ಪಟ್ಟಿ ಬಿಚ್ಚಿದ ದಿನ ಈ ಒಂದು ಪದಕ್ಕಾಗಿ ಇಡೀ ಬೆಳಗ್ಗೆ ಒದ್ದಾಡಿದೆ. ಎದುರಿಗೆ ಮೊರದಲ್ಲಿ ಬದನೆಕಾಯಿ ಇತ್ತು. ಆ ಬಣ್ಣಕ್ಕೆ ನಮ್ಮೂರಿನಲ್ಲಿ ಒಂದು ಹೆಸರಿತ್ತು. ಇಳಕಲ್ಲಿನಲ್ಲಿ ನಮ್ಮಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಅಆಇಈಗಿಂತ ಮೊದಲು ಬಣ್ಣದ ಹೆಸರು ಕಲಿತವಳು ನಾನು. ಐವತ್ತು ವರ್ಷ ಬಸವೇಶ್ವರನಗರದಲ್ಲಿದ್ದು ಅದನ್ನೇ ಮರೆತು ಕೂತಿದ್ದೆ.

"ಪರ್ಪಲ್ ಅನ್ನು ಅಜ್ಜಿ, ಮುಗೀತು" ಅಂದಳು ಮೊಮ್ಮಗಳು.

ಅಷ್ಟಕ್ಕೆ ಮುಗಿಯುವ ವಿಷಯವಾಗಿರಲಿಲ್ಲ. ಆ ಬಣ್ಣದ ದೆಸೆಯಿಂದ, ತೀರಿಹೋದ ಒಬ್ಬ ಮನುಷ್ಯನ ಹೆಸರು ಕೆಡುವುದರಲ್ಲಿತ್ತು. ನಮ್ಮ ಮನೆಯ ಕಾರ್ ಶೆಡ್ಡೇ ಹಾಗೆ. ಅಲ್ಲಿ ಕಾರು ಒಂದು ದಿನವೂ ನಿಲ್ಲಲಿಲ್ಲ, ಇಂಥ ಫಜೀತಿಗಳು ಮಾತ್ರ ಒಂದರ ಹಿಂದೊಂದು ಬಂದು ನಿಂತವು.

೧. ತರಕಾರಿ

ಆ ಶೆಡ್ಡನ್ನು ಬಾಡಿಗೆಗೆ ಹಿಡಿದು ಇಪ್ಪತ್ತು ವರ್ಷ ಕೆಲಸ ಮಾಡಿದವರನ್ನು ಬಂದವರೆಲ್ಲ ಮೇಷ್ಟ್ರು ಅನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಾಡು ಕೇಳುವ ಆಂಪ್ಲಿಫೈಯರನ್ನು ಕೈಯಲ್ಲೇ ಕಟ್ಟುವವರು. ಗಾಜಿನ ವಾಲ್ವುಗಳು ಕೆಂಡದ ಹಾಗೆ ಉರಿಯುವ ಹಳೇ ಥರದವು. ಅದರ ಹುಚ್ಚು ಹಿಡಿದವರು ಭಾನುವಾರ ಬಂದರೆ ನಮ್ಮ ಗೇಟಿನ ಮುಂದೆ ಚಪ್ಪಲಿಗಳ ಸಂತೆ. ಎಲ್ಲರಿಗೂ ಅವರೆಂದರೆ ಒಂದು ಭಕ್ತಿ. ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ನಮ್ಮೂರ ಅಭ್ಯಾಸದಲ್ಲಿ 'ತಮ್ಮಾ' ಅನ್ನುತ್ತಿದ್ದೆ, ಅವರು ನನ್ನನ್ನು 'ಅಕ್ಕ' ಅನ್ನುತ್ತಿದ್ದರು.

ಶೆಡ್ಡಿಗೂ ನಮ್ಮ ಅಡುಗೆಮನೆಗೂ ನಡುವೆ ಒಂದು ಗ್ರಿಲ್ ಕಿಟಕಿ. ಬಂದು ತಿಂಗಳಾಗಿರಲಿಲ್ಲ, ಒಂದು ದಿನ ಮೇಷ್ಟ್ರು ಆ ಕಡೆಯಿಂದ ಗ್ರಿಲ್ ತಟ್ಟಿ ಅಂಗೈ ಚಾಚಿದರು. ಅಂಗೈಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಕಾಳು, ಮೈತುಂಬ ಬಣ್ಣದ ಪಟ್ಟೆ.

"ಅಕ್ಕ, ಈ ಮಧ್ಯದ್ದು ಕೆಂಪಾ, ಹಸಿರಾ?"

"ಕಣ್ಣ ಮುಂದ ಐತಲ್ಲ ತಮ್ಮಾ, ಹಸಿರ ನೋಡು."

"ಯಾರಿಗೂ ಹೇಳ್ಬೇಡಿ. ನನಗೆ ಅವೆರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿನಿಂದ."

ಆ ಕಾಳಿಗೆ ರೆಸಿಸ್ಟರ್ ಅನ್ನುತ್ತಾರೆ. ಅದು ಎಷ್ಟರದ್ದು ಎಂದು ತಿಳಿಯುವುದೇ ಮೇಲಿನ ಪಟ್ಟೆಗಳ ಬಣ್ಣದಿಂದ. ಅಂದರೆ ಇಡೀ ಪಶ್ಚಿಮ ಬೆಂಗಳೂರಿನಲ್ಲಿ ಜನ ಕೈಮುಗಿಯುವ ಆಂಪ್ಲಿಫೈಯರ್ ಮೇಷ್ಟ್ರಿಗೆ ಅದರ ಅಕ್ಷರವೇ ಓದಲು ಬರುತ್ತಿರಲಿಲ್ಲ. ಅವತ್ತಿನಿಂದ ಓದುವ ಕೆಲಸ ನನ್ನದು, ಓದಿ ಮುಗಿದರೆ ಇಬ್ಬರಿಗೂ ಒಂದೊಂದು ಲೋಟ ಕಾಫಿ. ಅವರೇಕಾಯಿ ಸುಲಿಯುತ್ತಾ, ಕೆಲವಕ್ಕೆ ನಮ್ಮೂರಿನ ಹೆಸರನ್ನೇ ಇಟ್ಟು ಹೇಳುತ್ತಿದ್ದೆ, "ಕಂದು, ಕಪ್ಪು, ಕೆಂಪು." ಅವರು ಮೀಟರಿನ ಎರಡು ಸೂಜಿ ಆ ಕಾಳಿಗೆ ಮುಟ್ಟಿಸಿ "ಸರಿ ಅಕ್ಕ" ಅನ್ನುತ್ತಿದ್ದರು. ಆ ಸೂಜಿ ಯಾಕೆ ಎಂದು ನಾನು ಕೇಳಲಿಲ್ಲ. ದೇವರಿಗೆ ತೋರಿಸಿ ತಿನ್ನುವ ಹಾಗೆ ಏನೋ ಒಂದು ಶಾಸ್ತ್ರವಿರಬೇಕು ಅಂದುಕೊಂಡೆ.

ಕಷ್ಟ ಬಂದದ್ದು ಜನ ಎದುರಿಗೆ ಕೂತಾಗ. ಕೆಂಗೇರಿ ಉಪನಗರದಿಂದ ಒಬ್ಬರು ಬರುತ್ತಿದ್ದರು, ಬ್ಯಾಂಕಿನಿಂದ ರಿಟೈರಾದವರು. ಮೇಷ್ಟ್ರ ಕೈಯನ್ನು ರೆಪ್ಪೆ ಬಡಿಯದೆ ನೋಡುತ್ತಾ ಕೂರುವ ಆಸಾಮಿ. ಅವರ ಮುಂದೆ "ಇದು ಕೆಂಪಾ?" ಎಂದು ಕೇಳುವ ಹಾಗಿಲ್ಲ. ಅದಕ್ಕೆ ನಾವೊಂದು ಏರ್ಪಾಡು ಮಾಡಿಕೊಂಡೆವು. ಮೇಷ್ಟ್ರು ಕಾಳನ್ನು ಗ್ರಿಲ್ ಹತ್ತಿರ ಹಿಡಿದು, "ಅಕ್ಕ, ಇವತ್ತು ಏನಡುಗೆ?" ಅನ್ನಬೇಕು. ನಾನು ತರಕಾರಿ ಹೇಳಬೇಕು. ಟೊಮ್ಯಾಟೊ ಅಂದರೆ ಕೆಂಪು, ಹುರುಳಿಕಾಯಿ ಅಂದರೆ ಹಸಿರು, ಕ್ಯಾರೆಟ್ ಅಂದರೆ ಕಿತ್ತಳೆ, ನಿಂಬೆಹಣ್ಣು ಅಂದರೆ ಹಳದಿ, ಬದನೆಕಾಯಿ ಅಂದರೆ ಬದನೆಕಾಯಿ ಬಣ್ಣ.

ಒಂದು ಸಲ ಬ್ಯಾಂಕಿನವರ ಸೆಟ್ಟನ್ನೇ ಕಟ್ಟುತ್ತಿದ್ದಾಗ ಮೇಷ್ಟ್ರು ಹತ್ತು ನಿಮಿಷಕ್ಕೆ ಏಳು ಸಲ ಏನಡುಗೆ ಎಂದು ಕೇಳಿದರು. ಒಂದು ತಪ್ಪಿದರೆ ಸೆಟ್ಟು ಸುಡುತ್ತದೆ, ನಗೆ ಬಂದರೆ ಗುಟ್ಟು ಹೋಗುತ್ತದೆ. ಏಳನೆಯದಕ್ಕೆ "ನಿಂಬೆಹಣ್ಣು, ಬದನೆಕಾಯಿ, ಕ್ಯಾರೆಟ್" ಅಂದೆ. ಬ್ಯಾಂಕಿನವರು ಮೊದಲ ಸಲ ಮೇಷ್ಟ್ರ ಕೈಯಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಇಷ್ಟನ್ನೂ ಒಂದೇ ಸಾಂಬಾರಿಗೆ ಹಾಕ್ತೀರಾ? ಅಥವಾ ಮದುವೆ ಏನಾದ್ರೂ ಇದೆಯಾ?"

೨. ಬಲ್ಬು

ಮೇಷ್ಟ್ರದೊಂದು ಕಟ್ಟುನಿಟ್ಟಿತ್ತು. ಹೊಸ ಸೆಟ್ಟಿಗೆ ಮೊದಲ ಸಲ ಕರೆಂಟು ಕೊಡುವಾಗ ನೇರವಾಗಿ ಕೊಡುತ್ತಿರಲಿಲ್ಲ. ಒಂದು ಹಲಗೆಯ ಮೇಲೆ ಹಳೇ ಕಾಲದ ನೂರು ವ್ಯಾಟಿನ ಗುಂಡು ಬಲ್ಬು. ಕರೆಂಟು ಆ ಬಲ್ಬನ್ನು ಹಾದೇ ಸೆಟ್ಟಿಗೆ ಹೋಗಬೇಕು. ಬಲ್ಬು ಒಮ್ಮೆ ಝಗ್ಗೆಂದು ಹೊತ್ತಿ ಮೆಲ್ಲಗೆ ಮಂಕಾದರೆ ಎಲ್ಲ ಸರಿ. ಝಗಝಗ ಉರಿಯುತ್ತಲೇ ಇದ್ದರೆ ಒಳಗೆ ಏನೋ ತಪ್ಪಿದೆ, ತಕ್ಷಣ ಆರಿಸಬೇಕು. ಆ ಎರಡು ಮೂರು ಕ್ಷಣ ಶೆಡ್ಡಿನಲ್ಲಿ ಯಾರೂ ಮಾತಾಡಬಾರದು, ಯಾರೂ ಎದ್ದು ಹೋಗಬಾರದು.

ಬ್ಯಾಂಕಿನವರ ಸೆಟ್ಟಿನ ದಿನ ಹತ್ತು ಜನ ಸೇರಿದ್ದರು. ನಾನು ಒಳಗೆ ಒಲೆಯ ಮೇಲೆ ಹಾಲಿಟ್ಟು ಬಂದು ಗ್ರಿಲ್ಲಿಗೆ ಮುಖ ಒತ್ತಿ ನಿಂತಿದ್ದೆ. ಬ್ಯಾಂಕಿನವರು ಎರಡು ಕೈಯಲ್ಲಿ ಕುರ್ಚಿಯ ತೋಳು ಹಿಡಿದಿದ್ದರು. ಮೇಷ್ಟ್ರು ಸ್ವಿಚ್ಚು ಒತ್ತಿದರು. ಬಲ್ಬು ಝಗ್ಗೆಂದಿತು. ಉರಿಯಿತು. ಇನ್ನೂ ಉರಿಯಿತು. ಹಿಂದೆ ಹಾಲು ಉಕ್ಕುವ ಸದ್ದು. ಕದಲುವ ಹಾಗಿಲ್ಲ. ನನ್ನ ಮನಸ್ಸಿನಲ್ಲಿ ಓಡುತ್ತಿದ್ದುದು ಒಂದೇ, ಟೊಮ್ಯಾಟೊ ಅನ್ನುವಲ್ಲಿ ಕ್ಯಾರೆಟ್ ಅಂದೆನಾ?

ಫಕ್ಕನೆ ಎಲ್ಲ ಕತ್ತಲು. ಬಲ್ಬೂ ಇಲ್ಲ, ಸೆಟ್ಟೂ ಇಲ್ಲ.

"ಹೋಯ್ತು!" ಎಂದು ಬ್ಯಾಂಕಿನವರು ಎದೆ ಹಿಡಿದುಕೊಂಡರು. "ಮೇಷ್ಟ್ರೇ, ಎರಡು ವರ್ಷ ಕಾದಿದ್ದೆ ನಾನು!" ಒಬ್ಬರು ನೀರು ತರಲು ಓಡಿದರು, ಇನ್ನೊಬ್ಬರು ಅವರ ಬೆನ್ನು ಸವರತೊಡಗಿದರು. ಆಂಪ್ಲಿಫೈಯರ್ ತೀರಿಹೋದ ದುಃಖದಲ್ಲಿ ಇಡೀ ಶೆಡ್ಡು ಸೂತಕದ ಮನೆಯಾಯಿತು.

ಅಡುಗೆಮನೆಯಲ್ಲಿ ಫ್ರಿಜ್ಜೂ ಸುಮ್ಮನಾಗಿತ್ತು. ನಾನು ಗ್ರಿಲ್ಲಿನಿಂದಲೇ ಅಂದೆ, "ಓಣಿಗೆಲ್ಲ ಕರೆಂಟ್ ಹೋಗೇತ್ರೀ. ಅಳೋದಿದ್ರ ನನ್ನ ಹಾಲಿಗೆ ಅಳ್ರಿ."

೩. ಹುಂ ಎಂಬ ಸದ್ದು

ಕರೆಂಟು ಬಂದ ಮೇಲೆ ಬಲ್ಬು ಸರಿಯಾಗಿ ಮಂಕಾಗಿ, ಆ ಸೆಟ್ಟು ಚೆನ್ನಾಗಿಯೇ ಹಾಡಿತು. ಆದರೆ ಮುಂದಿನ ವಾರ ಬ್ಯಾಂಕಿನವರು ಅದನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ವಾಪಸು ತಂದರು. ಹಾಡಿನ ಹಿಂದೆ ಒಂದು ಸದ್ದು ಬರುತ್ತಿದೆಯಂತೆ. ಹುಂ... ಎಂದು ಸಣ್ಣಗೆ, ಎಡೆಬಿಡದೆ.

ಆಂಪ್ಲಿಫೈಯರ್ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು. ಸೆಟ್ಟು ಹಾಕಿ ನೋಡಿದರು. ಹಾಡಿನ ತಂಬೂರಿಯ ಹಿಂದೆ ನಿಜವಾಗಿಯೂ ಹುಂ. ತಂತಿ ಬದಲಿಸಿದರು, ಹುಂ. ನಮ್ಮ ಫ್ರಿಜ್ ಆರಿಸಿದೆವು, ಸಂಪಿನ ಮೋಟರ್ ಆರಿಸಿದೆವು, ಪಕ್ಕದ ಮನೆಯವರನ್ನು ಬೇಡಿಕೊಂಡು ಅವರ ಗ್ರೈಂಡರ್ ನಿಲ್ಲಿಸಿದೆವು. ಹುಂ. ಬ್ಯಾಂಕಿನವರು ಪ್ರತಿ ಸಲ ಸೆಟ್ಟನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು, ಎರಡು ಭಾನುವಾರ ಹೀಗೇ ಹೋಯಿತು. ಮೇಷ್ಟ್ರು ಊಟ ಬಿಟ್ಟರು. ನಾನಂತೂ ಅವತ್ತಿನ ಏಳು ಅಡುಗೆಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಬೇಯಿಸಿದೆ.

ಹೆಗ್ಗನಹಳ್ಳಿಯಲ್ಲಿ ಲೇತ್ ಮಿಷನ್ ಇಟ್ಟುಕೊಂಡಿದ್ದ ಒಬ್ಬರು ಮೇಷ್ಟ್ರ ಸೆಟ್ಟುಗಳಿಗೆ ದನಿ ಏರಿಸಲು ತಿರುಗಿಸುವ ಬಣ್ಣದ ಗುಬಟು ಮಾಡಿಕೊಡುತ್ತಿದ್ದರು. ಮಾತು ಕಮ್ಮಿಯ ಮನುಷ್ಯ. ಮೂರನೇ ಭಾನುವಾರ ಅವರು ಮೂಲೆಯಲ್ಲಿ ಕೂತು ಯಾವುದೋ ಲೆಕ್ಕ ಹಾಕುತ್ತಿದ್ದರು. ಬ್ಯಾಂಕಿನವರು ಬಾತ್‌ರೂಮಿಗೆಂದು ಎದ್ದು ಹೋದರು. ಲೇತಿನವರು ಬೆರಳೆತ್ತಿ, "ಈಗ ಕೇಳಿ" ಅಂದರು.

ಹುಂ ಇಲ್ಲ. ತಂಬೂರಿ ಹಾಲಿನ ಹಾಗೆ ಹರಿಯುತ್ತಿತ್ತು.

ಬ್ಯಾಂಕಿನವರು ಬಂದು ಕೂತರು, ಕಣ್ಣು ಮುಚ್ಚಿದರು. ಹುಂ... ಮೇಷ್ಟ್ರು ಬಗ್ಗಿ ಅವರ ಮುಖದ ಹತ್ತಿರ ಕಿವಿ ಇಟ್ಟರು. ತಂಬೂರಿಯ ಸುಖಕ್ಕೆ ಪುಣ್ಯಾತ್ಮರು ತಮಗೇ ಗೊತ್ತಿಲ್ಲದೆ ಶ್ರುತಿ ಹಿಡಿಯುತ್ತಿದ್ದರು.

"ಸಾರ್, ಸೆಟ್ಟನ್ನ ಮನೆಗೆ ಕಳಿಸಿ. ರಿಪೇರಿಗೆ ನೀವು ಇಲ್ಲೇ ಇರಿ" ಅಂದರು ಮೇಷ್ಟ್ರು.

೪. ಯಾರ ಕಣ್ಣು?

ಇಷ್ಟೆಲ್ಲ ನಡೆದು ವರ್ಷಗಳಾದವು. ಹೋದ ವರ್ಷ ಮೇಷ್ಟ್ರು ಯಾರಿಗೆಂದು ಹೇಳದೆ ಒಂದು ಸೆಟ್ಟು ಕಟ್ಟಲು ಶುರುಮಾಡಿದರು. ಕೇಳಿದರೆ ನಕ್ಕು ಇನ್ನೊಂದು ಕಾಳು ಮುಂದೆ ಹಿಡಿಯುತ್ತಿದ್ದರು. ನಾನು ಎಂದಿನಂತೆ ಗ್ರಿಲ್ಲಿನಲ್ಲಿ ಬಣ್ಣ ಓದುತ್ತಿದ್ದೆ.

"ಹಳದಿ, ಕಂದು, ಕಿತ್ತಳಿ."

"ಇನ್ನೊಂದ್ಸಲ ನೋಡಿ ಅಕ್ಕ."

"ಎಷ್ಟ ಸಲ ನೋಡಿದ್ರೂ ಹಳದಿ, ಕಂದು, ಕಿತ್ತಳಿ."

ಮೀಟರಿನ ಸೂಜಿ ಮುಟ್ಟಿಸಿದರು. "ಸರಿ ಅಕ್ಕ" ಅನ್ನಲಿಲ್ಲ. ಸೂಜಿ ಕೆಳಗಿಟ್ಟು, "ಅಕ್ಕ, ಒಂದು ದಿನ ಕಣ್ಣು ತೋರಿಸ್ಕೊಂಡು ಬರೋಣ. ಸ್ಕೂಟರಲ್ಲಿ ನಾನೇ ಕರ್ಕೊಂಡ್ ಹೋಗ್ತೀನಿ" ಅಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಣ್ಣದ ಮನೆಯಲ್ಲಿ ಹುಟ್ಟಿದವಳಿಗೆ, ಕೆಂಪು ಹಸಿರು ತಿಳಿಯದವರು ಹೇಳುವುದೇ? "ನಿನಗ ಕಾಣೂದಿಲ್ಲ, ನನ್ನ ಕಣ್ಣು ತೋರಸ್ತಿ? ಮೊದಲ ನೀ ಹೋಗಿ ಬಾ!" ಎಂದು ಕಿಟಕಿ ಬಾಗಿಲು ಹಾಕಿಬಿಟ್ಟೆ.

ಮರುದಿನ ಗ್ರಿಲ್ ಮೇಲೆ ಸಣ್ಣ ತಟ್ಟು. ಎರಡು ಬದನೆಕಾಯಿ ಎತ್ತಿ ಹಿಡಿದು, "ಅಕ್ಕ, ಇದು ಯಾವ ಬಣ್ಣ?" ಅಂದರು. "ಅದು ಬದನೆಕಾಯಿ. ನಿನ್ನ ತಲಿ ಬಣ್ಣ!" ಅಂದೆ. ಮೂರನೇ ದಿನ, ನಾಲ್ಕನೇ ದಿನ, ದಿನವೂ ಕಣ್ಣಿನ ಡಾಕ್ಟರ ಮಾತು. ಕೊನೆಗೆ ನಾನು ಹೇಳಿದೆ, "ತಮ್ಮಾ, ನಿನಗ ಕಾಫಿ ಬೇಕಾ, ಡಾಕ್ಟರ್ ಬೇಕಾ? ಒಂದ ಕೇಳು."

"ಸದ್ಯಕ್ಕೆ ಕಾಫಿ ಕೊಡಿ ಅಕ್ಕ" ಅಂದರು.

೫. ಅಕ್ಕಿ ಡಬ್ಬಿ

ಅದಾಗಿ ತಿಂಗಳಿಗೆ ಒಂದು ಬೆಳಗ್ಗೆ ಗ್ರಿಲ್ ತಟ್ಟಲಿಲ್ಲ. ವಿಜಯನಗರದ ಅವರ ಮನೆಯಿಂದ ಫೋನು ಬಂತು. ಎದೆನೋವು, ಆಸ್ಪತ್ರೆ, ಅಷ್ಟೆ. ಶೆಡ್ಡಿನ ಬೀಗದ ಕೈ ನನ್ನ ಹತ್ತಿರವೇ ಉಳಿಯಿತು. ಎರಡು ಲೋಟ ಕಾಫಿ ಮಾಡುವ ಅಭ್ಯಾಸ ಬಿಡಲು ನನಗೆ ಬಹಳ ದಿನ ಬೇಕಾಯಿತು.

ಆಮೇಲೆ ಮೊಮ್ಮಗಳು ಹಟ ಹಿಡಿದು ನನ್ನ ಕಣ್ಣಿನ ಆಪರೇಶನ್ ಮಾಡಿಸಿದಳು. ಪಟ್ಟಿ ಬಿಚ್ಚಿದ ದಿನ ನೋಡುತ್ತೇನೆ, ಮೊರದಲ್ಲಿ ಬದನೆಕಾಯಿ ಬೇರೆಯೇ ಬಣ್ಣ! ಇಷ್ಟು ದಿನ ಕಂದು ಕಂದಾಗಿದ್ದದ್ದು ಅಪ್ಪನ ಬಣ್ಣದ ಹಂಡೆಯಿಂದ ಈಗ ಎತ್ತಿದ ಹಾಗಿತ್ತು. ಹೆಸರು ನೆನಪಾಗಲಿಲ್ಲ, ಆದರೆ ಮೇಷ್ಟ್ರು ಎತ್ತಿ ಹಿಡಿದ ಬದನೆಕಾಯಿ ನೆನಪಾಯಿತು. ಶೆಡ್ಡಿನ ಬೀಗ ತೆಗೆದು, ಮೇಷ್ಟ್ರು ಬಳಸಿ ಉಳಿದ ಕಾಳುಗಳ ಡಬ್ಬಿ ಸುರಿದುಕೊಂಡೆ. ನಾನು "ಹಳದಿ, ಕಂದು, ಕಿತ್ತಳೆ" ಅಂದವುಗಳ ನಡುವಿನ ಪಟ್ಟೆ ಕಂದಲ್ಲ. ಬದನೆಕಾಯಿ.

ಒಂದಲ್ಲ, ಹತ್ತಾರು. ನಾನು ತಪ್ಪು ಓದಿದ್ದನ್ನೆಲ್ಲ ಮೇಷ್ಟ್ರು ಆ ಕೊನೆಯ ಸೆಟ್ಟಿನಲ್ಲಿ ಕೂರಿಸಿ ಬೆಸುಗೆ ಹಾಕಿ, ಕರೆಂಟು ಕೊಟ್ಟು ನೋಡುವ ಮೊದಲೇ ಹೋಗಿದ್ದರು.

ಅದಕ್ಕೆ ಸರಿಯಾಗಿ ಬ್ಯಾಂಕಿನವರ ಫೋನು. "ಅಮ್ಮಾ, ಬರೋ ಭಾನುವಾರ ಮೇಷ್ಟ್ರ ವರ್ಷದ ನೆನಪು. ಎಲ್ಲರೂ ಬರ್ತಿದೀವಿ. ಅವರ ಕೊನೇ ಸೆಟ್ಟನ್ನ ಆನ್ ಮಾಡ್ತೀವಿ. ನಲವತ್ತು ಜನ ಆಗ್ಬಹುದು."

ಮೂರು ರಾತ್ರಿ ನಿದ್ದೆಯಿಲ್ಲ. ಆನ್ ಮಾಡಿದರೆ ಸೆಟ್ಟು ಸುಡುತ್ತದೆ, ಮೇಷ್ಟ್ರ ಹೆಸರು ನಲವತ್ತು ಜನರ ಮುಂದೆ ಹೊಗೆಯಾಗುತ್ತದೆ. ಬೇಡ ಅಂದರೆ ಯಾಕೆಂದು ಹೇಳಬೇಕು, ಹೇಳಿದರೆ ಇಪ್ಪತ್ತು ವರ್ಷ ಕಾಪಾಡಿದ ಗುಟ್ಟು ಹೋಗುತ್ತದೆ. ಕೊನೆಗೆ ಶನಿವಾರ ಸಂಜೆ ಒಂದು ದಾರಿ ಹೊಳೆಯಿತು. ಹಲಗೆಯಿಂದ ಗುಂಡು ಬಲ್ಬು ಬಿಚ್ಚಿ ತಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಬಲ್ಬಿಲ್ಲದೆ ಆನ್ ಮಾಡಲು ಮೇಷ್ಟ್ರ ಶಿಷ್ಯರು ಯಾರೂ ಒಪ್ಪುವುದಿಲ್ಲ.

ಒಪ್ಪಲೂ ಇಲ್ಲ. ಭಾನುವಾರ ಬಂದವರು ಹೌಹಾರಿದರು. ನಾನು "ಯಾರ ಒಯ್ದರೋ ಏನೋ" ಅಂದೆ. ಬೇರೆ ತರೋಣವೆಂದರೆ ಈಗ ಎಲ್ಲ ಅಂಗಡಿಯಲ್ಲೂ ಎಲ್‌ಇಡಿ. ಅದು ಈ ಕೆಲಸಕ್ಕೆ ಬರುವುದಿಲ್ಲ. ಒಬ್ಬರು ರಾಜಾಜಿನಗರ ಹುಡುಕಿದರು, ಒಬ್ಬರು ಹೇರೋಹಳ್ಳಿಯವರೆಗೆ ಹೋಗಿ ಟೈರು ಪಂಕ್ಚರ್ ಮಾಡಿಕೊಂಡು ಬಂದರು. ನಾನು ಗೆದ್ದೆ ಅಂದುಕೊಂಡು ಉಪ್ಪಿಟ್ಟು ಹಂಚುತ್ತಿದ್ದೆ. ಅಷ್ಟರಲ್ಲಿ ಬ್ಯಾಂಕಿನವರು ಎದ್ದು ನಿಂತರು. ಕಣ್ಣಲ್ಲಿ ನೀರು.

"ಮೇಷ್ಟ್ರ ಕೈ ಮೇಲೆ ನನಗೆ ನಂಬಿಕೆ ಇದೆ. ಅವರು ಒಂದು ರೆಸಿಸ್ಟರೂ ತಪ್ಪು ಹಾಕಿದವರಲ್ಲ. ಬಲ್ಬು ಬೇಡ, ನೇರ ಕೊಡೋಣ!"

ಎಂದವರೇ ಪ್ಲಗ್ಗು ಹಿಡಿದು ಗೋಡೆಯ ಕಡೆ ಹೊರಟರು. ನಾನು ಉಪ್ಪಿಟ್ಟಿನ ತಟ್ಟೆ ಬಿಟ್ಟು ಓಡಿ ಸ್ವಿಚ್ಚಿನ ಮೇಲೆ ಎರಡೂ ಕೈ ಇಟ್ಟೆ.

"ಬ್ಯಾಡ್ರೀ! ಅದರಾಗ ತಪ್ಪ ಐತಿ! ತಪ್ಪ ಅವನದಲ್ಲ, ನಂದು!"

ಎಲ್ಲ ಹೇಳಿಬಿಟ್ಟೆ. ಕೆಂಪು ಹಸಿರು, ಗ್ರಿಲ್ಲು, ತರಕಾರಿ, ನನ್ನ ಪೊರೆ, ಎಲ್ಲ. ಮೇಷ್ಟ್ರು ಇದ್ದಿದ್ದರೆ ಎಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದರೋ ಎಂದುಕೊಂಡು ಸ್ವಿಚ್ಚಿನಿಂದ ಕೈ ತೆಗೆಯದೆ ನಿಂತೆ.

ಬ್ಯಾಂಕಿನವರು ಪ್ಲಗ್ಗು ಕೆಳಗಿಟ್ಟರು. "ಅಮ್ಮಾ, ಸಾಂಬಾರಿಗೆ ನಿಂಬೆಹಣ್ಣು ಬದನೆಕಾಯಿ ಒಟ್ಟಿಗೆ ಹಾಕೋ ಮನೆ ಯಾವುದಿದೆ? ನನಗೆ ಅವತ್ತೇ ಗೊತ್ತಾಯ್ತು. ಪಾಪ, ಬೇರೆಯವರಿಗೆ ಗೊತ್ತಾಗೋದು ಬೇಡ ಅಂತ ಸುಮ್ಮನಿದ್ದೆ."

"ನಿಮಗೂ ಗೊತ್ತಿತ್ತಾ?" ಅಂದರು ಲೇತಿನವರು. "ನಾನು ಕೆಂಪು ಗುಬಟು ಖಾಲಿಯಾಗಿ ಹಸಿರು ಕೊಟ್ಟೆ. 'ಕೆಂಪು ಚೆನ್ನಾಗಿ ಬಂದಿದೆ' ಅಂದ್ರು. ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ."

"ನನಗೂ", "ನನಗೂ" ಎಂದು ಹಿಂದಿನಿಂದ ಒಂದೊಂದೇ ದನಿ. ಒಬ್ಬರಿಗೊಬ್ಬರು ಹೇಳದೆ ನಲವತ್ತು ಜನ ಇಪ್ಪತ್ತು ವರ್ಷ ಒಂದೇ ಗುಟ್ಟು ಕಾಪಾಡಿದ್ದರು. ನಾನೊಬ್ಬಳೇ ಅದಕ್ಕೆ ಅಕ್ಕಿ ಡಬ್ಬಿಯವರೆಗೆ ಹೋದವಳು.

ಲೇತಿನವರು ಸೆಟ್ಟನ್ನು ಮಗುಚಿ ಅಡಿಯ ತಗಡಿನ ಸ್ಕ್ರೂ ಬಿಚ್ಚಿದರು. ಒಳಗೆ ಬಗ್ಗಿ ಒಂದೊಂದಕ್ಕೂ ಮೀಟರ್ ಹಿಡಿದರು. "ಎಲ್ಲ ಸರಿಯಾಗಿದೆಯಲ್ಲಮ್ಮ. ಹಳದಿ, ಕಂದು, ಕಿತ್ತಳೆ ಅಂತ ರೆಸಿಸ್ಟರೇ ಅಂಗಡಿಯಲ್ಲಿ ಸಿಗಲ್ಲ. ನೀವು ಹಾಗಂದ ತಕ್ಷಣ ಅವರಿಗೆ ಗೊತ್ತಾಗಿರುತ್ತೆ. ನೀವು ಏನೇ ಹೇಳಿದ್ರೂ ಅವರು ಮೀಟರ್ ಹಿಡಿದೇ ಹಾಕ್ತಿದ್ದಿದ್ದು."

ಆ ಎರಡು ಸೂಜಿ! "ಅಂದ್ರ ಇಪ್ಪತ್ತ ವರ್ಷ ನನ್ನ ಯಾಕ ಕೇಳ್ತಿದ್ದ?"

"ಮೀಟರ್ ಕಾಫಿ ಕೊಡಲ್ವಲ್ಲಮ್ಮ" ಅಂದರು ಬ್ಯಾಂಕಿನವರು.

ಎಲ್ಲರೂ ನಗುತ್ತಿದ್ದಾಗ ಮೊಮ್ಮಗಳು ಬಿಚ್ಚಿಟ್ಟ ತಗಡನ್ನು ಎತ್ತಿಕೊಂಡಿದ್ದಳು. "ಅಜ್ಜಿ, ಒಳಗಡೆ ಪೆನ್ಸಿಲಲ್ಲಿ ಏನೋ ಬರೆದಿದ್ದಾರೆ." ಹೊಸ ಸೆಟ್ಟಿನ ತಗಡಿನ ಒಳಗೆ, ಮತ್ತೆ ರಿಪೇರಿಗೆ ಬಂದರೆ ನೆನಪಿರಲೆಂದು ಮೇಷ್ಟ್ರು ಲೆಕ್ಕ ಬರೆದಿಡುವುದು ರೂಢಿ. ಅವಳು ಗಟ್ಟಿಯಾಗಿ ಓದಿದಳು.

"ಅಕ್ಕನಿಗೆಂದು ಕಟ್ಟಿದ್ದು. ಅಕ್ಕ ಜಾಂಬಳಿಗೆ ಕಂದು ಅಂತಿದಾರೆ. ಮೂರನೇ ಸಲ. ಕಣ್ಣು ತೋರಿಸ್ಬೇಕು. ಹೇಳಿದ್ರೆ ಕೇಳಲ್ಲ."

ಜಾಂಬಳಿ! ನನ್ನ ಬಾಯಿಂದ ಕೇಳಿ ಕಲಿತ ಪದವನ್ನು, ನಾನು ಮರೆತ ಮೇಲೂ, ಆ ಬಣ್ಣ ತಮಗೆ ಹೇಗೆ ಕಾಣುತ್ತಿತ್ತೋ ಏನೋ, ಅವರು ಜೋಪಾನವಾಗಿ ಇಟ್ಟಿದ್ದರು.

ನಾನು ಒಳಗೆ ಹೋಗಿ ಬಲ್ಬು ತಂದೆ. ಅದಕ್ಕೆ ಅಂಟಿದ್ದ ಅಕ್ಕಿಕಾಳನ್ನು ಬ್ಯಾಂಕಿನವರು ಊದಿ ತೆಗೆದು, ಬಲ್ಬನ್ನು ಹಲಗೆಗೆ ಸಿಕ್ಕಿಸಿದರು. ಲೇತಿನವರು ಸ್ವಿಚ್ಚು ಒತ್ತಿದರು. ಬಲ್ಬು ಝಗ್ಗೆಂದಿತು. ನಲವತ್ತು ಜನ ಉಸಿರು ಹಿಡಿದರು. ಮೆಲ್ಲಗೆ, ಬಹಳ ಮೆಲ್ಲಗೆ, ಅದು ಮಂಕಾಯಿತು. ವಾಲ್ವುಗಳು ಕೆಂಡವಾದವು. ತಂಬೂರಿ ಹರಿಯಿತು. ಹಿಂದೆ ಸಣ್ಣಗೆ ಹುಂ... ಎಲ್ಲರೂ ಬ್ಯಾಂಕಿನವರ ಕಡೆ ತಿರುಗಿ ನೋಡಿದೆವು.

ಸಂಜೆ ತಗಡನ್ನು ಮತ್ತೆ ಮುಚ್ಚುವ ಹೊತ್ತಿಗೆ ನಾನು ಲೇತಿನವರ ಕೈ ತಡೆದೆ. ಮೊಮ್ಮಗಳ ಕೈಗೆ ಪೆನ್ಸಿಲ್ ಕೊಟ್ಟು ಹೇಳಿದೆ:

"ಅವನು ಬರೆದದ್ದರ ಕೆಳಗ ಬರಿ. ದಪ್ಪ ಅಕ್ಷರದಾಗ ಬರಿ. ಅಕ್ಕ ಕೇಳಿದಳು, ಆಪರೇಶನ್ ಆತು, ಜಾಂಬಳಿ ಜಾಂಬಳಿ ಆಗೇ ಕಾಣಸ್ತೈತಿ. ಕಾಫಿ ಆರಿ ಹೋಗೇತಿ ಅಂತನೂ ಬರಿ."